ಮುಂಜಾನೆಯ ಕರೆಂಟು

ಮೆಡೋವೇಲ್, ಮಿಸಿಸಾಗಾ
ಜನವರಿ ೩೧, ೨೦೧೯

ಮುದ್ದು ಸಾನ್ವಿಪುಟ್ಟಿಗೆ,

ತಾತನ ಆಶೀರ್ವಾದಗಳು. ಹ್ಯಾಲಿಫ್ಯಾಕ್ಸಿನ ಗಾಳಿಗೆ ಕಿವಿ ಮುಚ್ಚಿಕೊಳ್ಳುತ್ತೀ ತಾನೆ? ಕೆಮ್ಮು ಹೋಯಿತೆ? ಮೆಣಸಿನ ಸಾರು ಮಾಡಿಕೋ, ಬಿಸ್ಕತ್ತಿನಲ್ಲೇ ಬದುಕಬೇಡ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿಧಾನವಾಗಿ ಓದು.

ಇಲ್ಲಿ ಮೈನಸ್ ಇಪ್ಪತ್ತು. ಮೂವತ್ತೆರಡು ವರ್ಷ ಮೈಸೂರಿನ ಕರೆಂಟ್ ಆಫೀಸಿನಲ್ಲಿ ದುಡಿದವನು ನಾನು. ಜನ ಏಳುವ ಮೊದಲು ಲೋಡ್ ಕಡಿಮೆ, ಕರೆಂಟು ಜೋರು ಅನ್ನುವುದು ನನ್ನ ರಕ್ತದಲ್ಲೇ ಇದೆ. ಹಾಗಾಗಿ ನಿನ್ನಮ್ಮ ಆಶಾಳನ್ನು ಬೆಳ್ಳಂಬೆಳಿಗ್ಗೆ ಎಬ್ಬಿಸಿ, ರಾತ್ರಿಯೆಲ್ಲ ಹೊರಗೆ ನಿಂತಿದ್ದ ಎಲೆಕ್ಟ್ರಿಕ್ ಕಾರನ್ನು ಪಕ್ಕದ ಬೀದಿಯ ಫಾಸ್ಟ್ ಚಾರ್ಜರಿಗೆ ಹೊರಡಿಸಿದೆ. ಅರ್ಧ ಗಂಟೆಯ ಕೆಲಸ ಅಂದಿದ್ದೆ. ಅರ್ಧ ಗಂಟೆಯಾದರೂ ಚಾರ್ಜಿನ ಅಂಕಿ ಅಲುಗಿದರೆ ಕೇಳು! ಆಶಾ ಫೋನಿನಲ್ಲಿ ಓದಿ ಹೇಳಿದಳು. ಚಳಿ ಹಿಡಿದ ಬ್ಯಾಟರಿ ಕರೆಂಟನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ನಿನ್ನೆ ಆಫೀಸಿನಿಂದ ಓಡಿಸಿಕೊಂಡು ಬಂದಾಗ, ಬ್ಯಾಟರಿ ಬೆಚ್ಚಗಿರುವಾಗಲೇ ಚಾರ್ಜಿಗೆ ಹಾಕಬೇಕಿತ್ತಂತೆ. “ನಿಮ್ಮ ಸರ್ವಿಸೆಲ್ಲ ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತಲ್ಲಪ್ಪಾ” ಅಂತ ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕಿದ್ದು ಇದೇ ಮೊದಲು.

ಕರೆಂಟು ಉಳಿಯಲಿ ಎಂದು ಹೀಟರ್ ಆಫ್ ಮಾಡಿಸಿದ ಜಾಣನೂ ನಾನೇ. ಶಾಲು ಹೊದ್ದು ಒಂದೂವರೆ ಗಂಟೆ ಕೂತೆವು. ಗಾಜಿನ ಮೇಲೆಲ್ಲ ಹಿಮ ಮೆತ್ತಿ ಬೀದಿ, ಮನೆ, ಮರ ಎಲ್ಲ ಮರೆಯಾದವು. ಒಳಗೆ ಹಾಲಿನಂಥ ಬೆಳಕು. ನೀರಿನ ತಳದಲ್ಲಿ ಕೂತ ಹಾಗಿತ್ತು ಪುಟ್ಟಿ, ಅರ್ಧ ನಿದ್ದೆ, ಅರ್ಧ ಎಚ್ಚರ. ನಮ್ಮ ಉಸಿರಿಗೆ ಮಂಜಾದ ಗಾಜಿನ ಮೇಲೆ ಆಶಾ ಬೆರಳಿನಿಂದ ಉದ್ದುದ್ದ ಎಳೆಗಳನ್ನು ಬರೆಯತೊಡಗಿದಳು. “ಪಾಚಿ ಐಸಿನ ಕೆಳಗೂ ಬೆಳೆಯುತ್ತಂತೆ ಅಪ್ಪಾ. ಸಾನ್ವಿ ಹೇಳೋಕೆ ಬಂದ್ಲು. ನಾನು ಕೇಳಿಸ್ಕೊಳ್ಳಲೇ ಇಲ್ಲ.” ಇಂಜಿನಿಯರಿಂಗ್ ಬಿಟ್ಟು ಸಮುದ್ರದ ಪಾಚಿ ಓದುತ್ತೇನೆ ಎಂದು ನೀನು ಹೊರಟ ದಿನ ಅವಳು “ಹೋಗು, ಇನ್ನು ಫೋನ್ ಮಾಡ್ಬೇಡ” ಅಂದಳು, ನೀನೂ ಹಟಮಾರಿ, ಐದು ತಿಂಗಳು ಮಾಡಲೇ ಇಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನಿಮ್ಮಿಬ್ಬರ ನಡುವೆ ಕೂತು ನನಗೆ ಸಾಕಾಗಿದೆ ಕಣೇ.

ಚೆನ್ನಾಗಿ ಓದು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಾತ,
ಲಕ್ಷ್ಮೀನಾರಾಯಣ

ಮರೆತೆ: ರೀಡಿಂಗ್ ವೀಕಿನ ರಜೆಗೆ ಬಾ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಿನ್ನಮ್ಮ ಆ ರಜೆ ಶುರುವಾಗುವ ಫೆಬ್ರವರಿ ಹದಿನಾರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ, ಪಕ್ಕದಲ್ಲಿ ಏನೂ ಬರೆದಿಲ್ಲ. ಏರ್‌ಪೋರ್ಟಿಗೆ ಅವಳೇ ಬರುತ್ತಾಳೆ. ಕಾರು ಹತ್ತಿದ ಕೂಡಲೇ ಇಬ್ಬರೂ ಹಳೆಯ ಮಾತು ತೆಗೆಯಬೇಡಿ. ಮೊದಲು ಸ್ವಲ್ಪ ದೂರ ಸುಮ್ಮನೆ ಬನ್ನಿ. ಹೀಟರ್ ಹಾಕಿಕೊಳ್ಳಿ, ಅದೊಂದರಲ್ಲಿ ಈ ತಾತನ ಮಾತು ಕೇಳಬೇಡಿ.