ಗೇಟಿನಿಂದ ಹಳಿದಾರಿಗೆ ಒಂದೂವರೆ ಮೈಲಿ

ಪ್ರೊಫೆಸರಮ್ಮ ಒಡೆಸ್ಸಾ,

ಸತ್ತವರಿಗೆ ಕಾಗದ ಬರೆದರೆ ಅಂಚೆ ಖರ್ಚು ಉಳಿಯುತ್ತದೆ. ನಿನ್ನನ್ನು ಮಣ್ಣು ಮಾಡಿದ ಮೂರನೇ ವಾರದಲ್ಲಿ ಕಾಗದ ಎತ್ತಿಕೊಂಡಾಗ ನನಗೆ ಮೊದಲು ಹೊಳೆದದ್ದು ಅದೇ. ಸೈಕಲ್ ಅಂಗಡಿಯವನ ಬುದ್ಧಿ, ಬೈದುಕೋ. ನೀನು ಬದುಕಿದ್ದಾಗಲೂ ಬೈಯುತ್ತಿದ್ದೆ.

ಕಾಲೇಜಿನ ಗೇಟಿನಿಂದ ನದಿ ದಂಡೆಯ ಹಳಿದಾರಿಗೆ ಒಂದೂವರೆ ಮೈಲಿ. ಕಲ್ಲಿದ್ದಲಿನ ರೈಲು ನಿಂತ ಮೇಲೆ ಹಳಿ ಕಿತ್ತು, ಸೈಕಲ್ಲಿಗೆಂದೇ ಬಿಟ್ಟ ದಾರಿ ಅದು. ಒಮ್ಮೆ ತಲುಪಿದರೆ ಪಕ್ಕದ ಜಿಲ್ಲೆಯವರೆಗೂ ಮರದ ನೆರಳು, ಒಂದೇ ಒಂದು ಕಾರಿಲ್ಲ. ಆದರೆ ತಲುಪಬೇಕಲ್ಲ. ನಡುವೆ ಹೆದ್ದಾರಿಗೆ ಏರುವ ಆ ತಿರುವು ರಸ್ತೆ. ಲಾರಿಗಳು ಅಲ್ಲಿ ವೇಗ ಏರಿಸುತ್ತವೆಯೇ ಹೊರತು ಇಳಿಸುವುದಿಲ್ಲ. ನನ್ನಲ್ಲಿ ಸೈಕಲ್ ಕೊಂಡವರು ಅದನ್ನು ಕಾರಿನ ಬೆನ್ನಿಗೆ ಕಟ್ಟಿ ಒಯ್ದು, ಹಳಿದಾರಿಯಲ್ಲಿ ಇಳಿಸಿ ತುಳಿಯುತ್ತಿದ್ದರು. ಸೈಕಲ್ ತುಳಿಯಲು ಕಾರು ಬೇಕಾದ ಊರು ನಮ್ಮದು.

ಟೋಬಿಗೆ ಕಾರಿರಲಿಲ್ಲ. ನಿನ್ನ ಸಸ್ಯಶಾಸ್ತ್ರದ ತರಗತಿಯ ಹುಡುಗ. ಪ್ರತಿ ಶರತ್ಕಾಲ ನೀನು ಮಕ್ಕಳನ್ನು ಎಲೆ ತರಲು ನದಿ ದಂಡೆಗೆ ಕಳಿಸುತ್ತಿದ್ದೆ. ಉಳಿದವರು ಕಾರು ಹಂಚಿಕೊಂಡು ಹೋದರು, ಇವನು ನಾನೇ ಮಾರಿದ ಹಳೇ ಸೈಕಲ್ ಹತ್ತಿ ಹೊರಟ. ಆ ತಿರುವನ್ನು ಅವನು ದಾಟಲಿಲ್ಲ. ಮಣ್ಣಿನ ದಿನ ಅವನ ತಾಯಿ ನಿನ್ನನ್ನು ಬೈಯದೆ ತಬ್ಬಿಕೊಂಡಳು, ಅದನ್ನೇ ನಿನಗೆ ತಡೆಯಲಾಗಲಿಲ್ಲ. ಚರ್ಚಿನಿಂದ ನೆಟ್ಟಗೆ ನೀನು ನನ್ನ ಅಂಗಡಿಗೆ ಬಂದೆ. ಕೋಟಿನ ಗುಂಡಿ ಕೂಡ ಬಿಚ್ಚದೆ ಹೇಳಿದೆ, “ಅವಳಿಗೆ ಮಾತು ಕೊಟ್ಟಿದೀನಿ ವರ್ನ್. ಈ ಗೇಟಿಂದ ಒಂದು ಮಗು ಅಲ್ಲಿಗೆ ಜೀವಂತ ಹೋಗಿ ಬರೋದನ್ನ ಕಣ್ಣಾರೆ ನೋಡಬೇಕು ನಾನು.”

ಆಮೇಲಿನ ಹದಿನಾಲ್ಕು ವರ್ಷ, ಆ ತಿರುವು ದಾಟಲು ಸೈಕಲ್ ದಾರಿ ಕೇಳುವುದು ಬಿಟ್ಟರೆ ನಿನಗೆ ಬೇರೆ ಕೆಲಸವಿರಲಿಲ್ಲ. ನಗರಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು, ಆಮೇಲೆ ಗಂಟೆ. ನೀನು ಟೋಬಿಯ ಹೆಸರು ಹೇಳಿ ಕೂರುತ್ತಿದ್ದೆ, ನಾನು ಎದ್ದು ಊರಿಗೆ ಬರುವ ಲಾಭ ಹೇಳುತ್ತಿದ್ದೆ. ಅದರಲ್ಲಿ ನನ್ನ ಅಂಗಡಿಯ ಲಾಭವೂ ಸೇರಿತ್ತೆಂದು ನಿನಗೆ ಗೊತ್ತಿತ್ತು. ದುರಾಸೆಯಾದರೂ ಒಳ್ಳೇ ಕಡೆಗೆ ತುಳೀತಿದೆಯಲ್ಲ ಎಂದು ನಗುತ್ತಿದ್ದೆ. ಒಬ್ಬ ಸದಸ್ಯ, ನಿಮ್ಮ ಹುಡುಗರು ಬಸ್ಸಲ್ಲಿ ಹೋಗಲಿ ಎಂದ. “ಆ ಬಸ್ಸು ರದ್ದು ಮಾಡೋಕೆ ಹೋದ ವರ್ಷ ಇದೇ ಸಭೇಲಿ ಕೈ ಎತ್ತಿದ್ದು ನೀವೇ ಅಲ್ವಾ?” ಎಂದೆ ನೀನು. ಅವನ ಪುಣ್ಯ, ಅಷ್ಟರಲ್ಲಿ ಗಂಟೆ ಹೊಡೆಯಿತು.

ಕೊನೆಗೂ ಮಂಜೂರಾಯಿತು. ತಿರುವಿನ ಕೆಳಗೆ ಸುರಂಗ, ಎರಡೂ ಕಡೆ ದೀಪ, ಗೇಟಿನಿಂದ ಹಳಿದಾರಿಯವರೆಗೆ ಸೈಕಲ್ಲಿಗೆಂದು ಹಸಿರು ಪಟ್ಟೆ. ಅಗೆತ ನಡೆಯುತ್ತಿದ್ದಾಗ, ಮಾರ್ಚಿನಲ್ಲಿ, ನಿನಗೆ ಲಕ್ವ ಹೊಡೆಯಿತು. ಮರುತಿಂಗಳು ಕಾಲೇಜು ಮುಚ್ಚುವ ಸುದ್ದಿ ಬಂತು. ಮಕ್ಕಳು ಸೇರುವುದು ಕಮ್ಮಿಯಾಗುತ್ತಾ ಬಂದಿತ್ತು, ಸಾಲ ಹೆಚ್ಚುತ್ತಾ ಬಂದಿತ್ತು, ನಮ್ಮ ಸೀಮೆಯಲ್ಲಿ ಅದೇನೂ ಹೊಸದಲ್ಲ. ಜೂನಿನಲ್ಲಿ ಗೇಟಿಗೆ ಸರಪಳಿ ಬಿತ್ತು. ಸುರಂಗ ತೆರೆದದ್ದು ಆಗಸ್ಟಿನಲ್ಲಿ. ಕಾಲೇಜು ಮುಚ್ಚಿದ್ದನ್ನು ನಿನಗೆ ತಿಳಿಸಬೇಡಿ, ಎದೆ ಒಡೆದೀತು ಎಂದು ನಿನ್ನ ತಂಗಿಯ ಮಗಳು ಕೊರಾ ನಮ್ಮೆಲ್ಲರಿಂದ ಭಾಷೆ ತೆಗೆದುಕೊಂಡಳು.

ಅಕ್ಟೋಬರಿನಲ್ಲಿ ಆಸ್ಪತ್ರೆಯ ಮಂಚದಿಂದ ನನ್ನ ತೋಳು ಹಿಡಿದು, ಅಲ್ಲಿಗೆ ಕರೆದುಕೊಂಡು ಹೋಗು ಎಂದೆ ನೀನು. ದಾರಿ ಮಾತ್ರವಲ್ಲ, ದಾರಿಯಲ್ಲಿ ಹೋಗುವ ಮಗು ಬೇಕಿತ್ತು ನಿನಗೆ. ಇಲ್ಲವೆನ್ನಲು ನಾಲಗೆ ಏಳಲಿಲ್ಲ. ಹಾಗಾಗಿ ವ್ಯಾಪಾರಿ ಮಾಡುವುದನ್ನೇ ಮಾಡಿದೆ, ಇಲ್ಲದ ಸರಕನ್ನು ಇದೆಯೆಂದು ತೋರಿಸಿದೆ. ಕಾಲೇಜಿನ ಹೆಸರಿದ್ದ ಅಂಗಿಗಳನ್ನು ಹರಾಜಿನಲ್ಲಿ ಮಾರುತ್ತಿದ್ದರು. ತಂದು ಚೆಂಡು ಉರುಳಿಸಿ ಗೂಟ ಬೀಳಿಸುವ ನಮ್ಮ ಬೌಲಿಂಗ್ ಆಟದ ಗೆಳೆಯರಿಗೆ ತೊಡಿಸಿ, ಬೆನ್ನಿಗೆ ಚೀಲ ಹಾಕಿಸಿದೆ. ಎಲ್ಲರಿಗಿಂತ ಚಿಕ್ಕವನಿಗೆ ಐವತ್ತೆಂಟು. ಲಕ್ವದ ಮೇಲೆ ನಿನ್ನ ಕಣ್ಣು ಮಂಜಾಗಿತ್ತು, ನಾನು ನಂಬಿದ್ದು ಅದೊಂದನ್ನೇ.

ಮೂರು ಚಕ್ರದ ಸೈಕಲ್ ಗಾಡಿಯ ಮುಂದಿನ ಪೀಠದಲ್ಲಿ ನಿನ್ನನ್ನು ಕಂಬಳಿ ಸುತ್ತಿ ಕೂರಿಸಿ, ಸರಪಳಿ ಕಾಣದಂತೆ ಹಿಂದಿನ ಬೀದಿಯಿಂದ ತುಳಿದುಕೊಂಡು ಬಂದು ಸುರಂಗದ ಬಾಯಲ್ಲಿ ನಿಲ್ಲಿಸಿದೆ. ಗೆಳೆಯರು ಸೈಕಲ್ ಗಂಟೆ ಬಾರಿಸುತ್ತಾ ಒಬ್ಬೊಬ್ಬರಾಗಿ ಹೋದರು. ನಮಸ್ಕಾರ ಪ್ರೊಫೆಸರ್ ಎಂದರು. ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದ ಡ್ವೇನ್ ಟೋಪಿ ಬದಲಾಯಿಸಿ ಎರಡನೇ ಸಲ ಬಂದ. ನೀನು ಪ್ರತಿಯೊಬ್ಬನಿಗೂ ಆಡುವ ಕೈಯನ್ನು ಎತ್ತಿದೆ. ಕೊನೆಯವನೂ ಹೋದ ಮೇಲೆ, ತಿರುಗಿ ನೋಡದೆ ನೀನು ಹೇಳಿದೆ.

“ಈಗೀಗ ಸ್ವಲ್ಪ ವಯಸ್ಸಾದ ಮೇಲೇನೇ ಕಾಲೇಜಿಗೆ ಸೇರಿಸ್ಕೊಳ್ತಾರೆ ಅನ್ಸುತ್ತೆ. ಒಬ್ಬ ಹುಡುಗನ ಮಂಡಿ ಕಟಕಟ ಅಂತಿತ್ತು.”

ನಾನು ನಕ್ಕೆ. ನೀನು ನಗಲಿಲ್ಲ. ಕಾಲೇಜು ಮುಚ್ಚಿದ್ದು ಯಾವಾಗ ಎಂದು ಕೇಳಿದೆ. ಜೂನ್ ಎಂದೆ ನಾನು. ತಲೆಯ ಮೇಲೆ ಒಂದಾದ ಮೇಲೊಂದು ಲಾರಿಗಳು ಹೋದವು. ಆ ಸದ್ದಿನ ನಡುವೆಯೇ ನೀನು ಕೇಳಿದೆ. “ಒಂದಾದ್ರೂ? ಮುಚ್ಚೋಕೆ ಮುಂಚೆ ಒಂದೇ ಒಂದು ಮಗು ಆದ್ರೂ ಇದರೊಳಗೆ ಹೋಯ್ತಾ?”

ಜೂನಿಗೂ ಆಗಸ್ಟಿಗೂ ನಡುವೆ ಎರಡು ತಿಂಗಳು. ಜಂಗು ಹಿಡಿದದ್ದಕ್ಕೆ ಬಣ್ಣ ಬಳಿದು ಹೊಸದೆಂದು ಮಾರಿದವನು ನಾನು, ಆ ಎರಡು ತಿಂಗಳನ್ನು ಮುಚ್ಚಲಾಗಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಹಿಂದೆ ಕೂತವನ ತಲೆ ನಿನಗೆ ಕಾಣುವುದಿಲ್ಲವಲ್ಲ. ಬಾಯಿ ಬಿಟ್ಟು ‘ಇಲ್ಲ’ ಎನ್ನಬೇಕಾಯಿತು.

“ಗಾಡಿ ತಿರುಗಿಸು.”

ಹಳಿದಾರಿ ಇಲ್ಲೇ ಇದೆ, ಸುರಂಗದಾಚೆ ಮರಗಳು ಹಳದಿ ತಿರುಗಿವೆ, ಎರಡು ನಿಮಿಷ ಎಂದು ಬೇಡಿಕೊಂಡೆ. “ಮರ ನೋಡೋಕಾ ನಾನು ಬಂದಿದ್ದು?” ಎಂದೆ ನೀನು. ನಾನು ತಿರುಗಿಸಿದೆ. ನಿನ್ನನ್ನು ಆಸ್ಪತ್ರೆಗೆ ಮರಳಿಸಿದೆ. ಅಂದಿನಿಂದ ನೀನು ಊಟ ಬಿಟ್ಟೆ. ಕೊರಾ ಹೆದರಿದ ಹಾಗೆ ಎದೆ ಒಡೆಯಲಿಲ್ಲ, ಸುಮ್ಮನೆ ಆರಿಹೋಯಿತು.

ಸುರಂಗದಲ್ಲಿ ಈಗಲೂ ಸಂಜೆಯಾದರೆ ದೀಪಗಳು ತಾವೇ ಹೊತ್ತಿಕೊಳ್ಳುತ್ತವೆ. ಕಾಲೇಜಿನ ಸುತ್ತಲ ಬಾಡಿಗೆ ಮನೆಗಳು ಖಾಲಿ. ಆ ತಿರುವಿನಲ್ಲಿ ಇನ್ನು ಯಾವ ವಿದ್ಯಾರ್ಥಿಯೂ ಸಾಯುವುದಿಲ್ಲ ಒಡೆಸ್ಸಾ, ನೀನು ಬೇಡಿದ್ದು ಅಷ್ಟರಮಟ್ಟಿಗೆ ಈಡೇರಿದೆ.

ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಇದು. ನಿನ್ನನ್ನು ಮಣ್ಣು ಮಾಡಿ ಹೊರಟಾಗ ಟೋಬಿಯ ತಾಯಿ ಕೋಲೂರಿಕೊಂಡು ನನ್ನ ಹತ್ತಿರ ಬಂದಳು. ಬೇರೆ ಊರಲ್ಲಿರುವವಳು, ಕಾಲೇಜಿನ ಸುದ್ದಿ ಅವಳನ್ನು ಮುಟ್ಟಿರಲಿಲ್ಲ. “ಅವರು ನೋಡಿದ್ರಾ?” ಎಂದಳು, ಅಷ್ಟೇ. ನೋಡಿದಳಮ್ಮ, ಕಾಲೇಜಿನ ಅಂಗಿ ತೊಟ್ಟವರು ಸಾಲಾಗಿ ಹೋದರು, ಕೈ ಎತ್ತಿ ಕಳಿಸಿಕೊಟ್ಟಳು ಎಂದೆ. ಒಂದು ಅಕ್ಷರವೂ ಸುಳ್ಳಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, ಸದ್ಯ, ಇನ್ನು ನಾನೂ ನಿದ್ದೆ ಮಾಡ್ತೀನಿ ಎಂದಳು.

ಆ ಹೊತ್ತಿನಿಂದ ನನಗೆ ನಿದ್ದೆಯಿಲ್ಲ.

ನಿನಗಾದರೂ ಆ ಮಣ್ಣು ಹಗುರವಾಗಿರಲಿ. ಹೋಗಿ ಬಾ ಎನ್ನಲಾರೆ, ಹೋಗು ತಾಯಿ.

ನಿನ್ನ ಗಾಡಿ ತುಳಿದವನು,
ವರ್ನನ್ ಹ್ರುಸ್ಕಾ