ಹೊಲಿಗೆಯೊಳಗೆ ಸಿಕ್ಕಿಕೊಂಡ ಸಾಲು

ಅಂಗಡಿಯ ಕತ್ತರಿ ಮೇಜಿನಿಂದ,
ಹದಿನಾಲ್ಕನೆಯ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನೀನು ಹೇಗಿದ್ದೀಯ? ನಾದಿನಿಯ ಮೊಣಕಾಲು ನೋವು ಇಳಿಯಿತೇ? ನಮ್ಮ ಪುಟ್ಟ ವಕೀಲೆಯ ಕೆಮ್ಮು ಹೇಗಿದೆ? ಕೆಮ್ಮಿದರೂ ವಾದ ಮಾಡುವುದನ್ನೇನೂ ಬಿಟ್ಟಿರಲಿಕ್ಕಿಲ್ಲ. ಔಷಧಿ ಕಹಿ ಎಂದು ಸಾಬೀತು ಮಾಡಲು ಅಪ್ಪನ ಬಾಯಿಗೇ ಒಂದು ಚಮಚ ಸುರಿಯುವ ಹುಡುಗಿ ಅದು. ನೀನು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ "ಅಕ್ಕಾ, ನಂಗೂ ತಲೆ ನರೆದಿದೆ, ಇನ್ನೂ ಕಾವಲಾ?" ಎನ್ನುತ್ತೀಯ. ಕೇಳಲಿಲ್ಲ ನೋಡು. ನಿನ್ನ ಭಾವನಿಗೆ ಹೊಸ ಕನ್ನಡಕ ಬಂದಿದೆ. ಈಗ ಗೋಡೆಯ ಬಿರುಕೆಲ್ಲ ಕಾಣುತ್ತಿದೆಯಂತೆ, ದಿನಕ್ಕೆರಡು ಸಲ ನನಗೆ ವರದಿ ಒಪ್ಪಿಸುತ್ತಾರೆ.

ಈಗ ಸುದ್ದಿಗೆ ಬರುತ್ತೇನೆ. ಎಂಟು ವರ್ಷದಿಂದ ಹಳೆಯ ಅಳತೆ ಪುಸ್ತಕಗಳ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದೆನಲ್ಲ, ನೀನು ಇಣುಕಿದಾಗಲೆಲ್ಲ ಅಂಗೈ ಅಡ್ಡ ಇಡುತ್ತಿದ್ದೆನಲ್ಲ, ಅದು ಕಾದಂಬರಿ. ಅಕ್ಕನ ಹೊಲಿಗೆ ಯಂತ್ರ ತನ್ನನ್ನು ಹೆಸರು ಹಿಡಿದು ಬೈಯುತ್ತಿದೆ ಎಂದು ಕೇಳಿಸಿಕೊಂಡ ಇಪ್ಪತ್ತೆರಡರ ಹುಡುಗನ ಕಥೆ. ಯಾರ ಕಥೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ, ನಿನಗಿಲ್ಲದ ಗುಂಗುರು ಕೂದಲನ್ನೂ ಅವನಿಗೆ ಕೊಟ್ಟಿದ್ದೇನೆ. ಏನು ಕೊಟ್ಟರೂ ಅದು ನಿನ್ನ ಬದುಕು. ನೀನು ಹೂಂ ಎನ್ನದೆ ಇನ್ನು ಅದು ಈ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ನಿನ್ನ ಒಪ್ಪಿಗೆ ಕೇಳುವುದಕ್ಕೇ ಈ ಪತ್ರ.

ಮೊದಲು ನಿನ್ನನ್ನು ಕೇಳದೆಯೇ ಅದನ್ನು ಒಬ್ಬ ದೊಡ್ಡ ಪ್ರಕಾಶಕರಿಗೆ ಕಳಿಸಿದ್ದೆ, ಅದು ನನ್ನ ತಪ್ಪು. ಅವರು ಮರ್ಯಾದೆಯಿಂದಲೇ ಬರೆದರು: ಭಾಷೆ ಚೆನ್ನಾಗಿದೆ, ಆದರೆ ಇಂಥ ಹುಡುಗ ಕೊನೆಯಲ್ಲಿ ಮದುವೆಯಾಗಿ, ಕೆಲಸ ಮಾಡಿಕೊಂಡು ಇರುವುದನ್ನು ಓದುಗರು ನಂಬುವುದಿಲ್ಲ, ಅವನು ಸತ್ತರೆ ಪರಿಣಾಮ ಜಾಸ್ತಿ. ನನಗೆ ಬಂದ ಕೋಪಕ್ಕೆ ಒಂದು ಕೋಟಿನ ತೋಳನ್ನು ತಿರುಗುಮುರುಗಾಗಿ ಹೊಲಿದೆ. ನನ್ನ ತಮ್ಮ ತಕ್ಕಡಿ ರಿಪೇರಿ ಮಾಡಿಕೊಂಡು, ಮಗಳ ಕೈಲಿ ಬೈಸಿಕೊಂಡು ಗಟ್ಟಿಮುಟ್ಟಾಗಿದ್ದಾನೆ, ಇವರ ಪರಿಣಾಮಕ್ಕೆ ಅವನು ಸಾಯಬೇಕೇ? ಅಂಗಡಿಗೆ ಬಟನ್ ಹಾಕಿಸಲು ಬಂದಿದ್ದ ಎದುರಿನ ಫೋಟೊಕಾಪಿ ಅಂಗಡಿಯಾಕೆ ನನ್ನ ಗೊಣಗಾಟ ಕೇಳಿ, "ಯಾರ ಹಂಗೂ ಬೇಡ ಅಮ್ಮಾ, ನೀವೇ ಮಾಡ್ಕೊಳ್ಳಿ. ಈಗ ಪ್ರಿಂಟ್ ಆನ್ ಡಿಮಾಂಡ್ ಅಂತ ಇದೆ. ರಾಶಿ ಹಾಕಿ ಇಡೋದಿಲ್ಲ, ಯಾರಾದ್ರೂ ಕೇಳಿದ್ರೆ ಆಗ ಒಂದು ಅಚ್ಚು ಮಾಡಿ ಕಳಿಸ್ತಾರೆ" ಎಂದಳು. ನನಗೆ ತಟ್ಟನೆ ಅರ್ಥವಾಯಿತು. ನಾನು ಜೀವಮಾನವಿಡೀ ಮಾಡಿದ್ದೂ ಅದೇ. ಅಳತೆ ಕೊಟ್ಟವರಿಗೆ ಹೊಲಿದೆ, ರೆಡಿಮೇಡ್ ಮಾರಲಿಲ್ಲ. ಆ ಮಹಾತಾಯಿ ನಾಲ್ಕು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕೋಳಿಕಾಲಿನ ಅಕ್ಷರವನ್ನೆಲ್ಲ ಟೈಪ್ ಮಾಡಿದಳು. ಆಸ್ಪತ್ರೆಯ ಅಧ್ಯಾಯ ಬಂದಾಗ ಕೈ ನಿಲ್ಲಿಸಿ, "ನಮ್ಮ ಚಿಕ್ಕಮ್ಮನೂ ಹೀಗೇ ಇದ್ರು. ಮನೇಲಿ ಯಾರೂ ಅವರ ಮಾತೇ ಎತ್ತಲ್ಲ" ಎಂದಳು. ಆಮೇಲೆ ಮತ್ತೆ ಟೈಪ್ ಮಾಡಿದಳು. ಅವಳ ಋಣ ತೀರಿಸುವ ಬಟನ್ ನನ್ನ ಡಬ್ಬದಲ್ಲಿಲ್ಲ.

ಪುಟದ ವಿನ್ಯಾಸ ಮಾಡುವಾಗ ಮಾತ್ರ ನಾನು ಅವಳ ಮಾತು ಕೇಳಲಿಲ್ಲ. ಸುತ್ತ ಅಷ್ಟೊಂದು ಬಿಳಿ ಜಾಗ ನೋಡಿ ನನ್ನ ಹೊಟ್ಟೆ ಉರಿಯಿತು. ಬಟ್ಟೆ ಪೋಲು ಮಾಡದೆ ಬೆಳೆದ ಕೈ ಇದು. "ಅಂಚಿನವರೆಗೂ ಎಳಿ" ಎಂದು ಹಠ ಹಿಡಿದೆ. ಪರೀಕ್ಷೆಗೆಂದು ಒಂದೇ ಒಂದು ಪ್ರತಿ ಬಂತು. ತೆರೆದು ನೋಡಿದರೆ ಪ್ರತಿ ಸಾಲಿನಲ್ಲೂ ಒಂದೆರಡು ಪದ ಪುಸ್ತಕದ ಬೆನ್ನಿನೊಳಗೆ ಮುಳುಗಿ ಕೂತಿವೆ! ಆಕೆ ನಕ್ಕೂ ನಕ್ಕೂ ಸ್ಟೂಲ್ ಹಿಡಿದುಕೊಂಡಳು. "ಮಕ್ಕಳ ಚಡ್ಡಿಗೂ ಒಳಗೆ ಎರಡು ಬೆರಳು ಬಟ್ಟೆ ಬಿಡ್ತೀರ, ಪುಸ್ತಕಕ್ಕೆ ಬಿಡಬಾರ್ದಿತ್ತಾ?" ನಾಚಿಕೆಯಾದರೂ ನಾನೂ ನಕ್ಕೆ.

ಆ ಪ್ರತಿಯನ್ನು ಓದಬೇಕೆಂದರೆ ಎರಡೂ ಹೆಬ್ಬೆರಳಿನಿಂದ ಹಾಳೆ ಬಿಡಿಸಿ ಹಿಡಿಯಬೇಕು. ಬರೆದವಳು ನಾನೇ ಆದ್ದರಿಂದ ಇಷ್ಟು ದಿನ ಕಣ್ಣು ಓಡಿಸಿಬಿಡುತ್ತಿದ್ದೆ. ಈಗ ಒಂದೊಂದು ಪದವನ್ನೂ ಎಳೆದು ತೆಗೆದು ಓದುವಂತಾಯಿತು. ಆರನೆಯ ಅಧ್ಯಾಯದಲ್ಲಿ, ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುವ ಕಡೆ, "ಹೊರಗಿನಿಂದ ಚಿಲಕ ಹಾಕಿದಳು" ಎಂಬುದು ಸ್ಪಷ್ಟವಾಗಿತ್ತು, ಯಾರು ಎಂಬುದು ಒಳಗೆ ಹುದುಗಿತ್ತು. ಬಿಡಿಸಿ ನೋಡಿದೆ. "ಅಮ್ಮ" ಎಂದಿತ್ತು. ನಾನೇ ಬರೆದದ್ದು. ಅಲ್ಲಿಂದ ಮುಂದೆ ಓದಲು ಆಗಲಿಲ್ಲ.

ತಮ್ಮಾ, ಚಿಲಕ ಹಾಕಿದ್ದು ಅಮ್ಮನಲ್ಲ, ನಾನು. ನರ್ಸುಗಳ ಮೂವತ್ತು ಸಮವಸ್ತ್ರ ಸಂಜೆಯೊಳಗೆ ಮುಗಿಸಬೇಕಿತ್ತು, ನೀನು ಯಂತ್ರದ ಚಕ್ರ ಹಿಡಿದು "ನಿಲ್ಸು, ಬೈತಾ ಇದೆ, ನಿಲ್ಸು" ಎನ್ನುತ್ತಿದ್ದೆ. ನಿನ್ನನ್ನು ಕೋಣೆಗೆ ತಳ್ಳಿ ಚಿಲಕ ಹಾಕಿ, ಗೋಡೆಯ ಈಚೆ ಕೂತು ಇಡೀ ಮಧ್ಯಾಹ್ನ ಅದೇ ಯಂತ್ರ ತುಳಿದೆ. ತಳ್ಳಿದ್ದು ಯಾರೆಂದು ಗುರುತಿಸುವ ಸ್ಥಿತಿಯಲ್ಲಿ ನೀನಿರಲಿಲ್ಲ. ಅಮ್ಮ ಹೊರಗಿನಿಂದ ಬಂದು ಬಾಗಿಲು ತೆಗೆದಾಗ ನಿನಗೆ ಎದುರು ಕಂಡವಳು ಅವಳು. ನೀನು ಆಸ್ಪತ್ರೆಯಿಂದ ಗುಣವಾಗಿ ಬಂದ ವಾರ, "ಯಾಕಮ್ಮಾ ನನ್ನ ಕೂಡಿಹಾಕ್ದೆ?" ಎಂದು ಕೇಳಿದೆ, ನೆನಪಿದೆಯೇ? ನಾನು ಅಲ್ಲೇ ದಾರ ಕತ್ತರಿಸುತ್ತಿದ್ದೆ. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. "ಹೆದರಿಕೆ ಆಯ್ತು ಕಂದಾ, ತಪ್ಪಾಯ್ತು" ಎಂದಳು. ನಾನು ಕತ್ತರಿಸುತ್ತಲೇ ಇದ್ದೆ. ಸಾಯುವವರೆಗೂ ಅವಳು ಆ ಮಾತನ್ನು ನನ್ನ ಮುಂದೆ ಎತ್ತಲಿಲ್ಲ. ಆಗ ನಿನಗೆ ಯಾರಾದರೂ ಒಬ್ಬರ ಮೇಲೆ ಪೂರ್ತಿ ನಂಬಿಕೆ ಬೇಕಿತ್ತು, ಅದು ನನ್ನ ಮೇಲಿತ್ತು. ಅದು ಮುರಿಯದಿರಲಿ ಎಂದು ತನ್ನ ಮೇಲಿನ ನಂಬಿಕೆಯನ್ನು ಬಿಟ್ಟುಕೊಟ್ಟಳೇನೋ ಎಂದು ಈಗ ಅನ್ನಿಸುತ್ತದೆ.

ಕೇಳಿದಾಗ ಮಾತ್ರ ಅಚ್ಚಾಗುವ ಪುಸ್ತಕದ ಉಪಕಾರ ಇದು: ಗೋದಾಮಿನಲ್ಲಿ ಸಾವಿರ ಪ್ರತಿ ಸುಳ್ಳು ಹೇಳಿಕೊಂಡು ಕೂತಿಲ್ಲ. ಆರನೆಯ ಅಧ್ಯಾಯ ತಿದ್ದಿದ್ದೇನೆ. ಅಂಚನ್ನೂ ಬಿಟ್ಟಿದ್ದೇನೆ. ತಿದ್ದಿದ ಅಧ್ಯಾಯವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಓದು.

ನಾನು ಅದೃಷ್ಟವಂತೆ ಕಣೋ. "ಅವನಿಗೆ ಕೇಳಿಸ್ತಿರೋದು ನಾಟಕ ಅಲ್ಲ, ಅವನ ಪಾಲಿಗೆ ನಿಜ" ಎಂದು ಅಮ್ಮನನ್ನು ಕೂರಿಸಿಕೊಂಡು ಹೇಳಿದ ಆ ವೈದ್ಯರು ಸಿಕ್ಕರು. ಎಲ್ಲ ಗೊತ್ತಿದ್ದೂ ನಿನ್ನ ಕೈಹಿಡಿದ ನಾದಿನಿ ಸಿಕ್ಕಳು. ಎಲ್ಲಕ್ಕಿಂತ ಹೆಚ್ಚಾಗಿ, ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ನೀನಾಗಿಯೇ ಯಂತ್ರದ ಪಕ್ಕ ಕೂತು, "ಹೊಲಿಯೇ ಅಕ್ಕಾ, ಈಗ ಬರೀ ಟಕಟಕ" ಎಂದೆಯಲ್ಲ, ಆ ಮಾತಿನ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ. ನಾದಿನಿಗೆ ನನ್ನ ಪ್ರೀತಿ, ವಕೀಲೆಗೆ ಎರಡು ಮುತ್ತು. ಎಲ್ಲರೂ ತಣ್ಣಗಿರಿ.

ಇತಿ ನಿನ್ನ
ಅಕ್ಕ

ಮರೆತೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಪುಸ್ತಕ ಬೇಡ ಎಂದರೆ ಬೇಡ. ಬೇಜಾರಾಗುತ್ತದೆ, ತಡೆದುಕೊಳ್ಳುತ್ತೇನೆ. ಆದರೆ ಚಿಲಕದ ವಿಷಯ ಹೇಳಿದ್ದು ಪುಸ್ತಕಕ್ಕಾಗಿ ಅಲ್ಲ, ಅದು ಬಂದರೂ ಬಾರದಿದ್ದರೂ ನಿಜ. ಅಮ್ಮನ ಕೊನೆಯ ವರ್ಷಗಳಲ್ಲಿ ನೀನು ಬಂದಾಗಲೆಲ್ಲ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು ಎದ್ದು ಹೋಗುತ್ತಿದ್ದೆ. ಆ ದೂರ ನನಗೆ ಸೇರಬೇಕಾದದ್ದು, ಅವಳಿಗಲ್ಲ. ಅವಳ ಮೇಲೆ ಇನ್ನೂ ಏನಾದರೂ ಉಳಿದಿದ್ದರೆ ಇವತ್ತೇ ತೆಗೆದು ನನ್ನ ಮೇಲೆ ಹಾಕು. ಬೈದಾದರೂ ಸರಿ, ಬೇಗ ಒಂದು ಕಾಗದ ಬರೆ.