ಗುಂಯ್ಗುಡದ ಮರಿಂಬಾ

ಮಾರ್ಚ್ 9, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ವಾದ್ಯವಾದ ಮರಿಂಬಾದ ಕೊಳವೆಗಳಿಗೆ ಗುಂಯ್ಗುಡಲೆಂದು ಅಜ್ಜ ಜೇನುಮೇಣದಿಂದ ಅಂಟಿಸಿದ್ದ ಹಂದಿಕರುಳಿನ ಪೊರೆಗಳನ್ನು ತಂಡದ ಹೊಸ ಮೇಷ್ಟ್ರು ಎಫ್ರೈನ್ ಇವತ್ತು ನನ್ನ ಕೈಯಲ್ಲೇ ಕೀಳಿಸಿದರು.

"ಜರ್ಮನ್ ಸಂಗೀತಕ್ಕೆ ಈ ಜೀರುಂಡೆ ಗಲಾಟೆ ಯಾಕೆ?"

"ಆ ಗುಂಯ್ ಇಲ್ದಿದ್ರೆ ಮರಿಂಬಾನೇ ಅಲ್ಲ, ಮೇಷ್ಟ್ರೇ."

"ಶಾಲೆ ಬಿಟ್ಟೋಳು ನಂಗೇ ಪಾಠ ಹೇಳ್ತೀಯಾ? ಕೀಳ್ತೀಯೋ, ತಂಡ ಬಿಡ್ತೀಯೋ?"

ಡೋಲಿನವರು ನಕ್ಕರು. ನಾನು ಹೆದರಿ ಕಿತ್ತೆ.

ಸಂಜೆ ನಮ್ಮೂರು ಚಿಯಾಪಾದ ಚೌಕದಲ್ಲಿ ಜರ್ಮನ್ ಕೃತಿಗೆ ಚಪ್ಪಾಳೆಯೇನೋ ಬಂತು. ನಮ್ಮೂರ ಕುಣಿತದ ಹಾಡಿಗೆ ಮಾತ್ರ ಒಬ್ಬರೂ ಏಳಲಿಲ್ಲ.

ಮುಂದೆ ಕೂತಿದ್ದ ಅಜ್ಜ ಕೇಳಿದ: "ಮರಿಂಬಾಕ್ಕೇನಾಯ್ತು ಮಗಳೇ, ನೆಗಡಿನಾ?"

ಕಿತ್ತವಳು ನಾನೇ ಎಂದು ಹೇಳಿಬಿಟ್ಟೆ. ಅವನು ಬೈಯಲಿಲ್ಲ. ಬೈಯಬೇಕಿತ್ತು.

ಉಗುರಿನಲ್ಲಿ ಇನ್ನೂ ಮೇಣವಿದೆ. ನಾಳೆ ಮಾಂಸದಂಗಡಿಯಿಂದ ಕರುಳು ತಂದು, ಮೇಷ್ಟ್ರ ಕಣ್ಣೆದುರೇ ಒಂದೊಂದನ್ನೂ ಮತ್ತೆ ಅಂಟಿಸುತ್ತೇನೆ.